ಹಳೆಯ ಟ್ರ್ಯಾಕ್ಟರುಗಳ ಚಾರ್ಜಿಂಗ್ ವ್ಯವಸ್ಥೆಯ ಸುಧಾರಣೆ: ಡೈನಮೋದಿಂದ ಆಲ್ಟರ್ನೇಟರಿಗೆ

ಪೀಠಿಕೆ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟ ಹಾಗೂ ಅದರ ಸುತ್ತಲಿನ ಗ್ರಾಮಗಳಲ್ಲಿ, ಪಾಂಡವಪುರ, ಶ್ರೀರಂಗಪಟ್ಟಣ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ಇಂದಿಗೂ ಬಳಕೆಯಲ್ಲಿವೆ. ಐಷರ್ ಸಂಸ್ಥೆಯು 1959ರಲ್ಲಿ, ಟ್ಯಾಫೆ ಸಂಸ್ಥೆಯು 1960ರ ದಶಕದಲ್ಲಿ, ಹೆಚ್‌ಎಂಟಿ ಸಂಸ್ಥೆಯು 1971ರಲ್ಲಿ ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆಯನ್ನು ಆರಂಭಿಸಿದವು. ಆ ಕಾಲದ ಯಂತ್ರಗಳ ಎಂಜಿನ್ ಮತ್ತು ಗೇರುಪೆಟ್ಟಿಗೆಗಳು ಗಟ್ಟಿಮುಟ್ಟಾದವು. ಕಾಲಕಾಲಕ್ಕೆ ದುರಸ್ತಿ ಮಾಡಿಸಿದರೆ ಇನ್ನೂ ಹಲವು ವರ್ಷ ಬಾಳುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಯಂತ್ರಗಳ ವಿದ್ಯುತ್ ವ್ಯವಸ್ಥೆಯು ಡೈನಮೋ ಆಧಾರಿತವಾಗಿದ್ದು, ಇಂದಿನ ಬಳಕೆಗೆ ಸಾಲದಾಗಿದೆ.

ಬೇಸಾಯ ಶಾಸ್ತ್ರದ ಪುಟದಲ್ಲಿ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಕಾರಣಗಳು ಎರಡು. ಮೊದಲನೆಯದು ಸಕಾಲಿಕ ಬೇಸಾಯ. ಕಟಾವಾದ ಕಬ್ಬನ್ನು 24 ಗಂಟೆಗಳ ಒಳಗೆ ಅರೆಯುವುದು ಅಪೇಕ್ಷಣೀಯ; ತಡವಾದಷ್ಟೂ ಕಬ್ಬಿನ ತೂಕ ಮತ್ತು ಸಕ್ಕರೆ ಅಂಶ ಎರಡೂ ಕುಗ್ಗುತ್ತವೆ. ಬೆಳಗ್ಗೆ ಸೆಲ್ಫ್ ಎತ್ತದ ಟ್ರ್ಯಾಕ್ಟರಿನಿಂದ ಒಂದು ದಿನ ತಪ್ಪಿದರೆ ಆ ನಷ್ಟವನ್ನು ಯಾವ ಗೊಬ್ಬರದಿಂದಲೂ ತುಂಬಲಾಗದು. ಎರಡನೆಯ ಕಾರಣ ಇನ್ನೂ ಗಂಭೀರವಾದುದು. ಕತ್ತಲಲ್ಲಿ ಹಿಂಬದಿಯ ದೀಪವಿಲ್ಲದೆ ಸಾಗುವ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ದ್ವಿಚಕ್ರ ವಾಹನ ಬಂದು ಅಪ್ಪಳಿಸಿದರೆ ಹೋಗುವುದು ಜೀವ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 150ಎ ಆಗಲಿ, ಗ್ರಾಮಗಳಿಂದ ಮಾಕವಳ್ಳಿ, ಪಾಂಡವಪುರ ಮತ್ತು ಮಂಡ್ಯದ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಒಳರಸ್ತೆಗಳಾಗಲಿ, ಹಂಗಾಮಿನಲ್ಲಿ ರಾತ್ರಿಯಿಡೀ ಕಬ್ಬು ಹೊತ್ತ ವಾಹನಗಳನ್ನು ಕಾಣುತ್ತವೆ.

ಆದುದರಿಂದ ಈ ಲೇಖನದಲ್ಲಿ ಸೂಚಿಸಿರುವ ಸುಧಾರಣೆಯ ಯಶಸ್ಸನ್ನು ಅಳೆಯಬೇಕಾದುದು ಬ್ಯಾಟರಿಯ ಬಳಿಯಲ್ಲಿ ಮಾತ್ರವಲ್ಲ, ಟ್ರೇಲರಿನ ಕಟ್ಟಕಡೆಯ ಕೆಂಪು ದೀಪದಲ್ಲಿಯೂ ಎಂಬುದನ್ನು ಮೊದಲಿಗೇ ಮನದಟ್ಟು ಮಾಡಿಕೊಳ್ಳಬೇಕು. ಹೊಸ ಆಲ್ಟರ್ನೇಟರ್ ಕೂಡಿಸಿ, ಹಳೆಯ ತಂತಿ ಮತ್ತು ಹಳೆಯ ಅರ್ಥಿಂಗನ್ನು ಹಾಗೆಯೇ ಬಿಟ್ಟರೆ ಹಣ ವ್ಯಯವಾಗುವುದೇ ಹೊರತು ದೀಪ ಬೆಳಗದು.

ಡೈನಮೋ ಮತ್ತು ಆಲ್ಟರ್ನೇಟರ್: ಕಾರ್ಯವಿಧಾನದ ವ್ಯತ್ಯಾಸ

ಡೈನಮೋದಲ್ಲಿ ವಿದ್ಯುತ್ತು ಉತ್ಪತ್ತಿಯಾಗುವುದು ತಿರುಗುವ ಭಾಗದಲ್ಲಿ, ಅಂದರೆ ಆರ್ಮೇಚರಿನಲ್ಲಿ. ಉತ್ಪತ್ತಿಯಾದ ಪೂರ್ಣ ಪ್ರವಾಹವು ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಬರಬೇಕು. ಆದಕಾರಣ ಬ್ರಷ್ ಬೇಗ ಸವೆಯುತ್ತದೆ ಮತ್ತು ಡೈನಮೋವನ್ನು ಅತಿವೇಗದಲ್ಲಿ ತಿರುಗಿಸಲಾಗುವುದಿಲ್ಲ. ಎಂಜಿನ್ ನಿಧಾನಗತಿಯಲ್ಲಿದ್ದಾಗ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡುವಷ್ಟು ವೋಲ್ಟೇಜನ್ನು ನೀಡುವುದೇ ಇಲ್ಲ. ಆಗ ಬ್ಯಾಟರಿಯ ಪ್ರವಾಹ ಹಿಮ್ಮುಖವಾಗಿ ಡೈನಮೋಗೆ ಹರಿಯದಂತೆ ತಡೆಯಲು ಕಟೌಟ್ ಎಂಬ ಪೆಟ್ಟಿಗೆ ಇರುತ್ತದೆ. ಇದರೊಳಗಿನ ಪಾಯಿಂಟುಗಳು ಧೂಳು ಮತ್ತು ತೇವದಿಂದ ಕಪ್ಪಾಗುವುದು ಸಾಮಾನ್ಯ ದೋಷ.

ಆಲ್ಟರ್ನೇಟರಿನಲ್ಲಿ ವಿದ್ಯುತ್ತು ಉತ್ಪತ್ತಿಯಾಗುವುದು ಸ್ಥಿರವಾಗಿರುವ ಹೊರಸುತ್ತಿನಲ್ಲಿ. ತಿರುಗುವುದು ಅಯಸ್ಕಾಂತ ಕ್ಷೇತ್ರ ಮಾತ್ರ. ಬ್ರಷ್‌ಗಳ ಮೂಲಕ ಹರಿಯುವುದು ಕೆಲವೇ ಆಂಪಿಯರುಗಳ ಪ್ರವಾಹ. ಉತ್ಪತ್ತಿಯಾದ ಪರ್ಯಾಯ ವಿದ್ಯುತ್ತನ್ನು ಒಳಗಿನ ಡಯೋಡ್‌ಗಳು ನೇರ ವಿದ್ಯುತ್ತಾಗಿ ಪರಿವರ್ತಿಸುತ್ತವೆ. ಡಯೋಡ್‌ಗಳು ಹಿಮ್ಮುಖ ಪ್ರವಾಹವನ್ನೂ ತಡೆಯುವುದರಿಂದ ಪ್ರತ್ಯೇಕ ಕಟೌಟ್ ಬೇಕಿಲ್ಲ. ಸಿಲಿಕಾನ್ ಡಯೋಡ್‌ಗಳು ಅಗ್ಗವಾದ ನಂತರವೇ ಇದು ವಾಹನಗಳಿಗೆ ಬಂದಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1960ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಅದನ್ನು ಅಳವಡಿಸಿದ ಬಳಿಕ ಡೈನಮೋಗಳು ಕ್ರಮೇಣ ಮರೆಯಾದವು.

ರೈತರ ದೃಷ್ಟಿಯಿಂದ ಮುಖ್ಯವಾದ ವ್ಯತ್ಯಾಸ ಒಂದೇ. ಕಬ್ಬು ತುಂಬಿದ ಟ್ರ್ಯಾಕ್ಟರು ಏರಿನಲ್ಲಿ ನಿಧಾನವಾಗಿ ಎಳೆಯುವಾಗ, ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಇಂಚಿಂಚಾಗಿ ಮುಂದೆ ಸರಿಯುವಾಗ ಡೈನಮೋ ಬಹುತೇಕ ಸುಮ್ಮನಿರುತ್ತದೆ. ಸರಿಯಾದ ಪುಲ್ಲಿ ಇರುವ ಆಲ್ಟರ್ನೇಟರು ಆಗಲೂ ಚಾರ್ಜ್ ನೀಡುತ್ತದೆ.

ಮೊದಲು ಲೆಕ್ಕ: ನಿಮ್ಮ ಟ್ರ್ಯಾಕ್ಟರಿಗೆ ಎಷ್ಟು ವಿದ್ಯುತ್ತು ಬೇಕು?

12 ವೋಲ್ಟ್ ವ್ಯವಸ್ಥೆಯ ಟ್ರ್ಯಾಕ್ಟರು ಟ್ರೇಲರಿನೊಡನೆ ರಾತ್ರಿ ರಸ್ತೆಯಲ್ಲಿ ಸಾಗುವಾಗಿನ ಬೇಡಿಕೆ ಸಾಮಾನ್ಯವಾಗಿ ಹೀಗಿರುತ್ತದೆ:

• ಮುಂದಿನ ದೊಡ್ಡ ದೀಪಗಳು, 45 ವ್ಯಾಟ್‌ನ ಎರಡು: 90 ವ್ಯಾಟ್
• ಮುಂದಿನ ಪಕ್ಕದ ದೀಪಗಳು, 5 ವ್ಯಾಟ್‌ನ ಎರಡು: 10 ವ್ಯಾಟ್
• ಟ್ರ್ಯಾಕ್ಟರಿನ ಹಿಂಬದಿಯ ಕೆಂಪು ದೀಪಗಳು, 5 ವ್ಯಾಟ್‌ನ ಎರಡು: 10 ವ್ಯಾಟ್
• ಟ್ರೇಲರಿನ ಹಿಂಬದಿಯ ಕೆಂಪು ದೀಪಗಳು, 5 ವ್ಯಾಟ್‌ನ ಎರಡು: 10 ವ್ಯಾಟ್
• ನಂಬರ್ ಪ್ಲೇಟ್ ದೀಪ: 5 ವ್ಯಾಟ್

ಒಟ್ಟು 125 ವ್ಯಾಟ್. ಇದನ್ನು 12ರಿಂದ ಭಾಗಿಸಿದರೆ ಸುಮಾರು 10.4 ಆಂಪಿಯರ್. ಬ್ರೇಕ್ ತುಳಿದಾಗ ಟ್ರ್ಯಾಕ್ಟರ್ ಮತ್ತು ಟ್ರೇಲರಿನ 21 ವ್ಯಾಟ್‌ನ ನಾಲ್ಕು ದೀಪಗಳು ಇನ್ನೂ 7 ಆಂಪಿಯರ್ ಕೇಳುತ್ತವೆ. ರಾತ್ರಿ ಉಳುಮೆಗೆ ಬಳಸುವ 35 ವ್ಯಾಟ್‌ನ ಹಿಂಬದಿಯ ಬಿಳಿ ದೀಪಕ್ಕೆ ಸುಮಾರು 3 ಆಂಪಿಯರ್ ಬೇಕು. ಹಿಂದೆ ಬರುವವರ ಕಣ್ಣು ಕೋರೈಸುವ ಈ ದೀಪವನ್ನು ರಸ್ತೆಯಲ್ಲಿ ಉರಿಸಲೇಬಾರದು.

ಹಳೆಯ ಟ್ರ್ಯಾಕ್ಟರುಗಳಲ್ಲಿದ್ದ ಲ್ಯೂಕಾಸ್ ಮಾದರಿಯ ಸಣ್ಣ ಡೈನಮೋಗಳು ಪೂರ್ಣ ವೇಗದಲ್ಲಿ ನೀಡುವುದು ಸುಮಾರು 11 ಆಂಪಿಯರ್. ಅಂದರೆ ಎಂಜಿನ್ ಚೆನ್ನಾಗಿ ಓಡುವಾಗಲೂ ದೀಪಗಳಿಗೇ ಎಲ್ಲವೂ ವ್ಯಯವಾಗಿ ಬ್ಯಾಟರಿಗೆ ಏನೂ ಉಳಿಯದು. ನಿಧಾನಗತಿಯಲ್ಲಿ ದೀಪಗಳು ಬ್ಯಾಟರಿಯನ್ನೇ ಹೀರುತ್ತವೆ. ಕಾರ್ಖಾನೆಯ ಮುಂದೆ ಎಂಜಿನ್ ನಿಲ್ಲಿಸಿ, 30 ವ್ಯಾಟ್‌ನಷ್ಟು ಸಣ್ಣ ದೀಪಗಳನ್ನು ಎಂಟು ಗಂಟೆ ಉರಿಸಿದರೂ 20 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಇದನ್ನು ಉಳಿಸಲು ಚಾಲಕರು ದೀಪ ಆರಿಸಿ ನಿಲ್ಲುತ್ತಾರೆ. ಹಾಗೆಯೇ ದೀಪ ಆರಿಸಿ ಸಾಗುತ್ತಾರೆ. ಅಪಾಯದ ಮೂಲ ಇಲ್ಲಿದೆ. ಇದನ್ನು ಚಾಲಕನ ಬೇಜವಾಬ್ದಾರಿ ಎಂದು ಮಾತ್ರ ಕಾಣುವುದು ಸರಿಯಲ್ಲ. ಬೆಳಗ್ಗೆ ಗಾಡಿ ತಳ್ಳಬೇಕಾಗುವುದೆಂಬ ಭಯವೂ ಅದರ ಹಿಂದಿರುತ್ತದೆ.

35ರಿಂದ 45 ಆಂಪಿಯರ್ ಸಾಮರ್ಥ್ಯದ ಆಲ್ಟರ್ನೇಟರು ಈ ಬಳಕೆಗೆ ಸಾಕಾಗುತ್ತದೆ. ಮೇಲಿನ ಪಟ್ಟಿಯ ದೀಪಗಳೆಲ್ಲ ಉರಿಯುತ್ತಿದ್ದರೂ ಬ್ಯಾಟರಿಗೆ 20 ಆಂಪಿಯರಿಗೂ ಹೆಚ್ಚು ಉಳಿಯುತ್ತದೆ. ಇದಕ್ಕಿಂತ ದೊಡ್ಡದನ್ನು ಕೂಡಿಸುವುದರಿಂದ ಬೆಲ್ಟಿಗೂ ತಂತಿಗೂ ಹೊರೆಯಾಗುವುದಲ್ಲದೆ ಪ್ರಯೋಜನವಿಲ್ಲ.

ಎಲ್ಲರಿಗೂ ಆಲ್ಟರ್ನೇಟರ್ ಅಗತ್ಯವೇ?

ಟ್ರ್ಯಾಕ್ಟರನ್ನು ಹಗಲಿನಲ್ಲಿ ಸ್ವಂತ ಜಮೀನಿನ ಉಳುಮೆಗೆ ಮಾತ್ರ ಬಳಸುವವರು ಈ ಖರ್ಚಿಗೆ ಇಳಿಯಬೇಕಿಲ್ಲ. ಡೈನಮೋ, ಕಟೌಟ್ ಮತ್ತು ತಂತಿಗಳನ್ನು ಸರಿಪಡಿಸಿಕೊಂಡರೆ ಸಾಕು. ಕೆಂಪು ದೀಪಗಳನ್ನು ಉತ್ತಮ ಗುಣಮಟ್ಟದ ಎಲ್‌ಇಡಿ ದೀಪಗಳಿಗೆ ಬದಲಿಸುವುದರಿಂದಲೂ ಬೇಡಿಕೆ ತಗ್ಗುತ್ತದೆ. ಆದರೆ ಮುಂದಿನ ದೊಡ್ಡ ದೀಪದ ಹಳೆಯ ಬುರುಡೆಯೊಳಗೆ ಸಿಕ್ಕಿದ ಎಲ್‌ಇಡಿ ಬಲ್ಬನ್ನು ತೂರಿಸುವುದು ಸಲ್ಲದು. ಬೆಳಕು ಚದುರಿ ಎದುರಿನವರ ಕಣ್ಣಿಗೆ ರಾಚುತ್ತದೆ.

ರಾತ್ರಿ ಕಬ್ಬು ಸಾಗಿಸುವವರು, ಬಾಡಿಗೆಗೆ ರಾತ್ರಿ ಉಳುಮೆ ಮಾಡುವವರು, ದಿನದಲ್ಲಿ ಹಲವು ಬಾರಿ ಎಂಜಿನ್ ನಿಲ್ಲಿಸಿ ಚಾಲನೆ ಮಾಡುವವರು ಆಲ್ಟರ್ನೇಟರ್ ಅಳವಡಿಸಿಕೊಳ್ಳುವುದು ಸೂಕ್ತ.

ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆಗಳು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಈ ಪರೀಕ್ಷೆಗಳನ್ನು ರೈತರೇ ಮಾಡಬಹುದು. ಎಷ್ಟೋ ಬಾರಿ ದೋಷವಿರುವುದು ಡೈನಮೋದಲ್ಲಲ್ಲ ಎಂಬುದು ಇಲ್ಲಿಯೇ ತಿಳಿದುಬರುತ್ತದೆ.

1. ಬ್ಯಾಟರಿ: ರಾತ್ರಿಯಿಡೀ ಬಳಸದೆ ಬಿಟ್ಟ ಬ್ಯಾಟರಿಯ ವೋಲ್ಟೇಜ್ 12.6ರ ಆಸುಪಾಸಿನಲ್ಲಿದ್ದರೆ ಪೂರ್ಣ ಚಾರ್ಜ್ ಆಗಿದೆ. 12.2 ಇದ್ದರೆ ಅರ್ಧದಷ್ಟು ಮಾತ್ರ. 12ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಖಾಲಿ. ಚಾರ್ಜ್ ಆದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಪರೀಕ್ಷಿಸಬೇಕು. ಸತ್ತ ಬ್ಯಾಟರಿಗೆ ಹೊಸ ಆಲ್ಟರ್ನೇಟರ್ ಜೋಡಿಸಿದರೆ ಆಲ್ಟರ್ನೇಟರೂ ಬಿಸಿಯಾಗಿ ಹಾಳಾಗುತ್ತದೆ.

2. ಅರ್ಥಿಂಗ್: ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿಯನ್ನು ಬದಲಿಸಬೇಕು ಅಥವಾ ಬಣ್ಣ, ತುಕ್ಕು ಕೆರೆದು ಮರುಜೋಡಿಸಬೇಕು.

3. ಡೈನಮೋ: 'ಡಿ' ಮತ್ತು 'ಎಫ್' ತುದಿಗಳ ತಂತಿಗಳನ್ನು ಬಿಚ್ಚಿ, ಡೈನಮೋದ ಆ ಎರಡು ತುದಿಗಳನ್ನು ಸಣ್ಣ ತಂತಿಯಿಂದ ಜೋಡಿಸಬೇಕು. ಮೀಟರನ್ನು ಆ ಜೋಡಣೆಗೂ ಎಂಜಿನ್ ಲೋಹಕ್ಕೂ ಹಿಡಿದು ಎಂಜಿನ್ ವೇಗವನ್ನು ನಿಧಾನವಾಗಿ ಹೆಚ್ಚಿಸಬೇಕು. ವೋಲ್ಟೇಜ್ ಸರಾಗವಾಗಿ 15ರವರೆಗೆ ಏರಿದರೆ ಡೈನಮೋ ಸುಸ್ಥಿತಿಯಲ್ಲಿದೆ. ದೋಷ ಕಟೌಟ್ ಅಥವಾ ತಂತಿಯಲ್ಲಿದೆ. ಒಂದು ವೋಲ್ಟಿನ ಒಳಗೇ ನಿಂತರೆ ಫೀಲ್ಡ್ ಸುತ್ತಿನಲ್ಲೂ, ನಾಲ್ಕೈದು ವೋಲ್ಟಿನಲ್ಲಿ ನಿಂತರೆ ಆರ್ಮೇಚರಿನಲ್ಲೂ ದೋಷವಿರುವ ಸಂಭವವಿದೆ. ಈ ಪರೀಕ್ಷೆಯಲ್ಲಿ 20 ವೋಲ್ಟ್ ಮೀರುವಂತೆ ಎಂಜಿನ್ ವೇಗವನ್ನು ಏರಿಸಬಾರದು.

4. ಬೆಲ್ಟ್: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 13 ಮಿ.ಮೀ. ಬಾಗಬೇಕು. ಒಳಮೈ ಹೊಳಪಾಗಿರುವ ಬೆಲ್ಟ್ ಜಾರುತ್ತದೆ, ಅದನ್ನು ಬದಲಿಸಬೇಕು.

5. ಧ್ರುವ: ಬ್ಯಾಟರಿಯ ಯಾವ ಕಂಬವು ಟ್ರ್ಯಾಕ್ಟರಿನ ದೇಹಕ್ಕೆ ಜೋಡಣೆಯಾಗಿದೆ ಎಂದು ನೋಡಬೇಕು. ಬ್ರಿಟಿಷ್ ಮೂಲದ ಹಳೆಯ ಯಂತ್ರಗಳಲ್ಲಿ ಪಾಸಿಟಿವ್ ಕಂಬವನ್ನು ದೇಹಕ್ಕೆ ಜೋಡಿಸುವ ಪದ್ಧತಿ ಇತ್ತು. ಇಂದಿನ ಆಲ್ಟರ್ನೇಟರುಗಳೆಲ್ಲ ನೆಗೆಟಿವ್ ಅರ್ಥ್ ಪದ್ಧತಿಯವು. ಧ್ರುವ ತಪ್ಪಿದರೆ ಡಯೋಡ್‌ಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ.

ಆಲ್ಟರ್ನೇಟರ್ ಆಯ್ಕೆ

• 12 ವೋಲ್ಟ್, 35ರಿಂದ 45 ಆಂಪಿಯರ್, ರೆಗ್ಯುಲೇಟರ್ ಒಳಗೇ ಇರುವ ಮಾದರಿಯನ್ನು ಆರಿಸಬೇಕು. ಭಾರತದಲ್ಲಿಯೇ ತಯಾರಾಗುವ ಟ್ರ್ಯಾಕ್ಟರ್ ಆಲ್ಟರ್ನೇಟರುಗಳಿಗೆ ಬಿಡಿಭಾಗಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತವೆ.
• ಡೀಸೆಲ್ ಕಾರು ಮತ್ತು ಜೀಪುಗಳಿಂದ ಬಿಚ್ಚಿದ ಹಲವು ಆಲ್ಟರ್ನೇಟರುಗಳ ಹಿಂಬದಿಯಲ್ಲಿ ಬ್ರೇಕಿಗಾಗಿ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದಕ್ಕೆ ಎಂಜಿನ್ ಆಯಿಲ್ ಪೂರೈಕೆ ಬೇಕು. ಟ್ರ್ಯಾಕ್ಟರಿಗೆ ಇಂಥದನ್ನು ಕೊಳ್ಳಬಾರದು.
• ಪುಲ್ಲಿಯ ಅಗಲ ಹಳೆಯ ಬೆಲ್ಟಿಗೆ ಹೊಂದಬೇಕು. ಆಲ್ಟರ್ನೇಟರು ಎಂಜಿನ್ನಿನ ಎರಡರಷ್ಟು ವೇಗದಲ್ಲಿಯಾದರೂ ತಿರುಗುವಂತೆ ಪುಲ್ಲಿ ಇರಬೇಕು. ಎಂಜಿನ್ ನಿಮಿಷಕ್ಕೆ 700 ಸುತ್ತಿನಲ್ಲಿ ನಿಧಾನವಾಗಿ ಓಡುವಾಗ ಆಲ್ಟರ್ನೇಟರು 1,400 ಸುತ್ತು ತಿರುಗಿದರೆ ಚಾರ್ಜ್ ಆರಂಭವಾಗುತ್ತದೆ.
• ತಂಪುಗೊಳಿಸುವ ಫ್ಯಾನಿನ ಎಸಳುಗಳು ತಿರುಗುವ ದಿಕ್ಕಿಗೆ ಸರಿಹೊಂದಬೇಕು.
• ಕೆಲವು ಹಳೆಯ ಡೈನಮೋಗಳ ಹಿಂಬದಿಯಿಂದಲೇ ಎಂಜಿನ್ ವೇಗದ ಮೀಟರಿಗೆ ಕೇಬಲ್ ಹೋಗಿರುತ್ತದೆ. ಡೈನಮೋ ತೆಗೆದರೆ ಆ ಮೀಟರ್ ನಿಲ್ಲುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ತಂತಿಯ ದಪ್ಪ: ಕಡೆಗಣಿಸಲಾಗುವ ಮುಖ್ಯ ಅಂಶ

11 ಆಂಪಿಯರಿಗೆಂದು ಎಳೆದ ತಂತಿಯಲ್ಲಿ 35 ಆಂಪಿಯರ್ ಹರಿಸಬಾರದು. 3 ಮೀಟರ್ ಉದ್ದದ, 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 35 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ತಂತಿಯಲ್ಲೇ ಕಳೆದುಹೋಗಿ 25 ವ್ಯಾಟ್‌ನಷ್ಟು ಶಾಖವಾಗುತ್ತದೆ. ಅದರ ಮೇಲೆ ಒಣಗಿದ ಕಬ್ಬಿನ ಸೋಗೆ ಅಥವಾ ಎಣ್ಣೆ ಹಿಡಿದ ಧೂಳು ಇದ್ದರೆ ಬೆಂಕಿಗೆ ದಾರಿಯಾಗಬಹುದು. ಅದೇ ಉದ್ದಕ್ಕೆ 10 ಚದರ ಮಿ.ಮೀ. ತಂತಿಯನ್ನು ಬಳಸಿದರೆ ನಷ್ಟ 0.2 ವೋಲ್ಟಿನ ಒಳಗಿರುತ್ತದೆ.

ಟ್ರೇಲರಿನ ದೀಪಗಳಿಗೂ ಇದೇ ನಿಯಮ. ಬ್ರೇಕ್ ದೀಪಗಳು ಸುಮಾರು 4 ಆಂಪಿಯರ್ ಎಳೆಯುವಾಗ 10 ಮೀಟರ್ ಉದ್ದದ 1 ಚದರ ಮಿ.ಮೀ. ತಂತಿಯಲ್ಲಿ ಸುಮಾರು 0.7 ವೋಲ್ಟ್ ನಷ್ಟವಾಗುತ್ತದೆ, 1.5 ಚದರ ಮಿ.ಮೀ. ತಂತಿಯಲ್ಲಿ 0.5ಕ್ಕಿಂತ ಕಡಿಮೆ. ಬಲ್ಬಿನ ಬೆಳಕು ವೋಲ್ಟೇಜಿನೊಂದಿಗೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. 12 ವೋಲ್ಟಿನ ತಂತು ಬಲ್ಬಿಗೆ 11 ವೋಲ್ಟ್ ತಲಪಿದರೆ ಬೆಳಕಿನ ಕಾಲುಭಾಗ ಹೋಯಿತು. 10 ವೋಲ್ಟ್ ತಲಪಿದರೆ ಹೆಚ್ಚುಕಡಿಮೆ ಅರ್ಧವೇ ಹೋಯಿತು.

ಅಳವಡಿಸುವ ಕ್ರಮ

ಈ ಕೆಲಸವನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಮೂಲಕ ಮಾಡಿಸುವುದು ಉತ್ತಮ. ಆದರೂ ಮಾಲೀಕರು ಕ್ರಮವನ್ನು ತಿಳಿದು ಎದುರಿಗೆ ನಿಂತು ಮಾಡಿಸಬೇಕು.

1. ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ಎರಡೂ ತಂತಿಗಳನ್ನು ಬಿಚ್ಚಬೇಕು. ದೇಹಕ್ಕೆ ಜೋಡಿಸಿದ ತಂತಿಯನ್ನು ಮೊದಲು ಬಿಚ್ಚಬೇಕು. ಹಳೆಯ ತಂತಿಗಳಿಗೆ ಗುರುತಿನ ಚೀಟಿ ಕಟ್ಟಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು.

2. ಪಾಸಿಟಿವ್ ಅರ್ಥ್ ಇದ್ದಲ್ಲಿ ಬ್ಯಾಟರಿಯನ್ನು ತಿರುಗಿಸಿ ನೆಗೆಟಿವ್ ಕಂಬ ದೇಹಕ್ಕೆ ಬರುವಂತೆ ಮಾಡಬೇಕು. ಪಾಸಿಟಿವ್ ಕಂಬ ತುಸು ದಪ್ಪವಿರುವುದರಿಂದ ಕ್ಲ್ಯಾಂಪುಗಳನ್ನೂ ಬದಲಿಸಬೇಕಾಗುತ್ತದೆ. ಸುರುಳಿ ಫೀಲ್ಡ್ ಇರುವ ಹಳೆಯ ಸೆಲ್ಫ್ ಮೋಟಾರು ಇದರಿಂದ ಹಿಮ್ಮುಖವಾಗಿ ತಿರುಗುವುದಿಲ್ಲ, ಅದನ್ನು ಮುಟ್ಟಬೇಕಿಲ್ಲ.

3. ಡೈನಮೋವನ್ನು ಇಳಿಸಿ ಆಲ್ಟರ್ನೇಟರಿಗೆ ಗಟ್ಟಿ ಬ್ರಾಕೆಟ್ ಮಾಡಿಸಬೇಕು. ತೆಳು ತಗಡಿನ ಬ್ರಾಕೆಟ್ ಡೀಸೆಲ್ ಎಂಜಿನ್ನಿನ ಅದುರುವಿಕೆಗೆ ಬಿರುಕು ಬಿಡುತ್ತದೆ. ಕ್ರ್ಯಾಂಕ್, ಫ್ಯಾನ್ ಮತ್ತು ಆಲ್ಟರ್ನೇಟರ್ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ನೇರ ಪಟ್ಟಿಯಿಟ್ಟು ನೋಡಬೇಕು. ಬ್ರಾಕೆಟ್ಟಿನ ವೆಲ್ಡಿಂಗನ್ನು ಟ್ರ್ಯಾಕ್ಟರಿನ ಮೇಲೆ ಮಾಡಿಸದೆ ಹೊರಗಿಟ್ಟು ಮಾಡಿಸಬೇಕು.

4. ಆಲ್ಟರ್ನೇಟರಿನ ದಪ್ಪ ತುದಿಯಾದ 'ಬಿ ಪ್ಲಸ್'ನಿಂದ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ 10 ಚದರ ಮಿ.ಮೀ. ಹೊಸ ತಂತಿಯನ್ನು ನೇರವಾಗಿ ಎಳೆಯಬೇಕು. ಬ್ಯಾಟರಿಯ ಸಮೀಪದಲ್ಲಿ 50 ಆಂಪಿಯರ್ ಫ್ಯೂಸ್ ಇರಬೇಕು. ಆಲ್ಟರ್ನೇಟರಿನ ಕವಚದಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಅಷ್ಟೇ ದಪ್ಪದ ಅರ್ಥ್ ತಂತಿ ಇರಬೇಕು.

5. ಹಳೆಯ ಕಟೌಟಿನಲ್ಲಿ ಸಾಮಾನ್ಯವಾಗಿ 'ಎ', 'ಎ1', 'ಎಫ್', 'ಡಿ', 'ಇ' ಎಂಬ ಐದು ತುದಿಗಳಿರುತ್ತವೆ. 'ಎ' ಬ್ಯಾಟರಿಯ ಕಡೆಯದು, 'ಎ1' ದೀಪ ಮತ್ತು ಸ್ವಿಚ್ಚುಗಳ ಕಡೆಯದು, 'ಡಿ' ಮತ್ತು 'ಎಫ್' ಡೈನಮೋ ಕಡೆಯವು, 'ಇ' ಅರ್ಥ್. ಕಟೌಟನ್ನು ತೆಗೆದು 'ಎ' ಮತ್ತು 'ಎ1' ತಂತಿಗಳನ್ನು ಮುಚ್ಚಳವಿರುವ ಜೋಡಣೆಯ ಕಟ್ಟೆಯಲ್ಲಿ ಒಂದುಗೂಡಿಸಬೇಕು. ಡೈನಮೋಗೆ ಹೋಗುತ್ತಿದ್ದ ಹಳೆಯ 'ಡಿ' ತಂತಿಯನ್ನು ಎರಡೂ ಕಡೆ ಬಿಡಿಸಿ ತೆಗೆದುಹಾಕಬೇಕು.

6. ಚಾರ್ಜಿಂಗ್ ಎಚ್ಚರಿಕೆ ದೀಪದ ಸಣ್ಣ ತಂತಿ ಹಳೆಯ ವ್ಯವಸ್ಥೆಯಲ್ಲಿ 'ಡಿ' ತುದಿಗೆ ಸೇರಿರುತ್ತದೆ. ಅದನ್ನು ಬೇರ್ಪಡಿಸಿ 'ಎಫ್' ತಂತಿಗೆ ಜೋಡಿಸಿ, 'ಎಫ್' ತಂತಿಯ ಇನ್ನೊಂದು ತುದಿಯನ್ನು ಆಲ್ಟರ್ನೇಟರಿನ ಎಚ್ಚರಿಕೆ ದೀಪದ ತುದಿಗೆ ಕೊಡಬೇಕು. ಈ ದೀಪ ಕೇವಲ ಸೂಚನೆಗಾಗಿ ಇರುವುದಲ್ಲ. ಅದರ ಮೂಲಕ ಹರಿಯುವ ಅಲ್ಪ ಪ್ರವಾಹದಿಂದಲೇ ಆಲ್ಟರ್ನೇಟರು ಎಚ್ಚರಗೊಳ್ಳುತ್ತದೆ. ಆದ್ದರಿಂದ 12 ವೋಲ್ಟ್, 2.2 ವ್ಯಾಟ್‌ನ ತಂತು ಬಲ್ಬನ್ನೇ ಹಾಕಬೇಕು, ಎಲ್‌ಇಡಿ ಹಾಕಬಾರದು. ಎಚ್ಚರಿಕೆ ದೀಪವೇ ಇಲ್ಲದ ಟ್ರ್ಯಾಕ್ಟರುಗಳಲ್ಲಿ ಕೀ ಸ್ವಿಚ್ಚು ಮತ್ತು ಆ ತುದಿಯ ನಡುವೆ ಹೊಸದಾಗಿ ಅಳವಡಿಸಬೇಕು.

7. ಹಳೆಯ ಆಂಪಿಯರ್ ಮೀಟರ್ 35 ಆಂಪಿಯರನ್ನು ತಾಳದಿರಬಹುದು. ಅದನ್ನು ಮಾರ್ಗದಿಂದ ತೆಗೆದು, ಅದರ ಎರಡು ತಂತಿಗಳನ್ನು ಭದ್ರವಾಗಿ ಒಂದುಗೂಡಿಸಿ, ವೋಲ್ಟ್ ಮೀಟರ್ ಕೂಡಿಸುವುದು ಒಳಿತು.

8. ಮುಂದಿನ ದೀಪ, ಹಿಂದಿನ ದೀಪ, ಬ್ರೇಕ್ ಮತ್ತು ಇಂಡಿಕೇಟರುಗಳಿಗೆ 10ರಿಂದ 15 ಆಂಪಿಯರಿನ ಪ್ರತ್ಯೇಕ ಫ್ಯೂಸ್‌ಗಳಿರಬೇಕು. ಫ್ಯೂಸ್ ಸುಟ್ಟಾಗ ಸಿಗರೇಟಿನ ಹೊಳಪು ಕಾಗದವನ್ನಾಗಲಿ ದಪ್ಪ ತಂತಿಯನ್ನಾಗಲಿ ಸುತ್ತಬಾರದು.

9. ಸೈಲೆನ್ಸರ್, ಬೆಲ್ಟ್ ಮತ್ತು ಲೋಹದ ಅಂಚುಗಳಿಂದ ದೂರವಿರುವಂತೆ ತಂತಿಗಳನ್ನು ಕೊಳವೆಯೊಳಗೆ ಒಯ್ಯಬೇಕು. ಬ್ಯಾಟರಿಯನ್ನು ಮರುಜೋಡಿಸುವಾಗ ದೇಹಕ್ಕೆ ಹೋಗುವ ತಂತಿಯನ್ನು ಕೊನೆಯಲ್ಲಿ ಜೋಡಿಸಬೇಕು.

ಟ್ರೇಲರಿನ ದೀಪಗಳು

ಬಹುಪಾಲು ಟ್ರೇಲರುಗಳಲ್ಲಿ ಪ್ರವಾಹ ಹಿಂದಿರುಗುವ ಮಾರ್ಗ ಕೊಂಡಿಯ ಪಿನ್ನು ಮಾತ್ರ. ಗ್ರೀಸು, ಮಣ್ಣು ಮತ್ತು ತುಕ್ಕು ಹಿಡಿದ ಪಿನ್ನಿನ ಮೂಲಕ ವಿದ್ಯುತ್ತು ಸರಿಯಾಗಿ ಹರಿಯದು. ಗಾಡಿ ಕುಲುಕಿದಂತೆ ದೀಪ ಮಿಣುಕುತ್ತದೆ. ಮಂಡ್ಯ ಭಾಗದಲ್ಲಿ ಕಬ್ಬು ಅರೆಯುವ ಹಂಗಾಮು ಮಳೆಗಾಲದಲ್ಲೇ ಆರಂಭವಾಗುವುದುಂಟಾದ್ದರಿಂದ ತುಕ್ಕಿನ ಸಮಸ್ಯೆ ಇಲ್ಲಿ ಹೆಚ್ಚು. ಆದುದರಿಂದ:

• ಏಳು ಪಿನ್ನುಗಳ ಸಾಕೆಟ್ ಅಳವಡಿಸಿ, ಅದರಲ್ಲಿ ಒಂದು ಪಿನ್ನನ್ನು ಅರ್ಥ್ ತಂತಿಗೇ ಮೀಸಲಿಡಬೇಕು. ಈ ಅರ್ಥ್ ತಂತಿ 2.5 ಚದರ ಮಿ.ಮೀ. ಇದ್ದು ಪ್ರತಿ ದೀಪದ ಬುಡದವರೆಗೂ ಹೋಗಬೇಕು.
• ಕಬ್ಬಿನ ತುದಿಗಳು ಹಿಂದಕ್ಕೆ ಜೋತುಬಿದ್ದು ದೀಪವನ್ನು ಮರೆಮಾಡದಂತಹ ಸ್ಥಳದಲ್ಲಿ ದೀಪ ಇರಬೇಕು. ಹೊರೆ ತುಂಬಿದ ಮೇಲೆ ಹಿಂದೆ ನಡೆದುಹೋಗಿ ನೋಡಬೇಕು.
• ವಿದ್ಯುತ್ತು ಕೈಕೊಟ್ಟರೂ ಕೆಲಸ ಮಾಡುವಂತೆ ಟ್ರೇಲರಿನ ಹಿಂಬದಿಗೆ ಕೆಂಪು, ಪಕ್ಕಗಳಿಗೆ ಹಳದಿ ಪ್ರತಿಫಲಕ ಪಟ್ಟಿಗಳನ್ನು ಅಂಟಿಸಬೇಕು. ಮೇಲಿನ ಕೆಸರನ್ನು ಪ್ರತಿ ಸಾಗಣೆಗೂ ಮುನ್ನ ಒರೆಸಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದಂತೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಮತ್ತು ಬೆಳಕು ಸಾಲದ ಯಾವುದೇ ಸಮಯದಲ್ಲಿ ರಸ್ತೆಯಲ್ಲಿರುವ ವಾಹನದ ದೀಪಗಳು ಉರಿಯುತ್ತಿರಬೇಕು. ಹಿಂಬದಿಯ ಕೆಂಪು ಬೆಳಕು 155 ಮೀಟರ್ ದೂರದಿಂದ ಕಾಣಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ದ್ವಿಚಕ್ರ ಸವಾರನು 155 ಮೀಟರನ್ನು ಸುಮಾರು 9 ಸೆಕೆಂಡುಗಳಲ್ಲಿ ಕ್ರಮಿಸುತ್ತಾನೆ. 30 ಮೀಟರ್ ಸಮೀಪಕ್ಕೆ ಬಂದಾಗಲಷ್ಟೇ ಟ್ರೇಲರ್ ಕಂಡರೆ ಅವನಿಗೆ ಉಳಿಯುವುದು ಎರಡು ಸೆಕೆಂಡು ಮಾತ್ರ.

ಅಳವಡಿಕೆಯ ನಂತರದ ಪರೀಕ್ಷೆ

1. ಕೀ ಹಾಕಿದಾಗ ಎಚ್ಚರಿಕೆ ದೀಪ ಉರಿಯಬೇಕು. ಎಂಜಿನ್ ಚಾಲನೆಯಾಗಿ ಸ್ವಲ್ಪ ವೇಗ ಪಡೆದೊಡನೆ ಆರಬೇಕು.
2. ಎಂಜಿನ್ 1,500 ಸುತ್ತಿನಲ್ಲಿ, ದೀಪಗಳಿಲ್ಲದೆ, ಬ್ಯಾಟರಿಯ ವೋಲ್ಟೇಜ್ 13.8ರಿಂದ 14.4ರೊಳಗಿರಬೇಕು. 14.8 ಮೀರಿದರೆ ರೆಗ್ಯುಲೇಟರ್ ದೋಷ. ಬ್ಯಾಟರಿಯ ನೀರು ಕುದಿದು ಆರುತ್ತದೆ.
3. ಎಲ್ಲ ದೀಪಗಳನ್ನೂ ಹೊತ್ತಿಸಿದಾಗ 13.5ಕ್ಕಿಂತ ಕೆಳಗಿಳಿಯಬಾರದು.
4. ದೀಪಗಳು ಉರಿಯುತ್ತಿರುವಾಗಲೇ ಟ್ರೇಲರಿನ ಕೊನೆಯ ಕೆಂಪು ದೀಪದ ಎರಡು ತುದಿಗಳ ನಡುವೆ ಅಳೆಯಬೇಕು. ಬ್ಯಾಟರಿಯಲ್ಲಿರುವುದಕ್ಕೂ ಇಲ್ಲಿರುವುದಕ್ಕೂ ಅರ್ಧ ವೋಲ್ಟ್‌ಗಿಂತ ಹೆಚ್ಚು ಅಂತರವಿದ್ದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು. ಎಲೆಕ್ಟ್ರಿಷಿಯನ್ನರಿಗೆ ಕೂಲಿ ಕೊಡುವ ಮೊದಲು ಈ ಅಳತೆಯನ್ನು ಎದುರಿಗೇ ತೋರಿಸುವಂತೆ ಕೇಳಬೇಕು.
5. ಅರ್ಧ ಗಂಟೆ ಓಡಿಸಿದ ಬಳಿಕ ಎಂಜಿನ್ ನಿಲ್ಲಿಸಿ ಜೋಡಣೆಯ ತುದಿಗಳನ್ನು ಮುಟ್ಟಿ ನೋಡಬೇಕು. ಬಿಸಿಯಾಗಿರುವ ತುದಿಯಲ್ಲಿ ಜೋಡಣೆ ಸಡಿಲವಿದೆ.

ಮುನ್ನೆಚ್ಚರಿಕೆ ಕ್ರಮಗಳು

• ಎಂಜಿನ್ ಓಡುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಬಾರದು. ತಂತಿಯನ್ನು ದೇಹಕ್ಕೆ ತಾಗಿಸಿ ಕಿಡಿ ಹಾರುವುದೇ ಎಂದು ನೋಡುವ ಡೈನಮೋ ಕಾಲದ ಅಭ್ಯಾಸವನ್ನು ಪೂರ್ಣವಾಗಿ ಬಿಡಬೇಕು. ಎರಡರಿಂದಲೂ ಡಯೋಡ್‌ಗಳು ಸುಡುತ್ತವೆ.
• ಟ್ರ್ಯಾಕ್ಟರ್ ಅಥವಾ ಅದಕ್ಕೆ ಜೋಡಿಸಿದ ಟ್ರೇಲರಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಬಿಚ್ಚಬೇಕು.
• ಬೇರೆ ಬ್ಯಾಟರಿಯಿಂದ ಚಾಲನೆ ಮಾಡುವಾಗ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಎಂಬುದನ್ನು ಎರಡು ಬಾರಿ ನೋಡಬೇಕು.
• ಗದ್ದೆಯ ಕೆಸರು ತೊಳೆಯುವಾಗ ಪಂಪಿನ ನೀರನ್ನು ಆಲ್ಟರ್ನೇಟರಿನ ಮೇಲೆ ನೇರವಾಗಿ ಹಾಯಿಸಬಾರದು. ಭತ್ತದ ಹೊಟ್ಟು, ರಾಗಿ ಒಕ್ಕಣೆಯ ಧೂಳು ಅದರ ಗಾಳಿಯ ಕಿಂಡಿಗಳನ್ನು ಮುಚ್ಚದಂತೆ ಆಗಾಗ್ಗೆ ಸ್ವಚ್ಛಗೊಳಿಸಬೇಕು.
• ಹಂಗಾಮು ಮುಗಿದು ಗಾಡಿ ನಿಲ್ಲಿಸಿದಾಗ ಇಲಿಗಳು ತಂತಿ ಕಡಿಯುತ್ತವೆ. ಬ್ಯಾಟರಿಯ ತಂತಿಯನ್ನು ಬಿಚ್ಚಿಟ್ಟು, ಮರುಬಳಕೆಗೆ ಮುನ್ನ ತಂತಿಗಳನ್ನು ಪರೀಕ್ಷಿಸಬೇಕು.
• ತೆಗೆದ ಡೈನಮೋ, ಕಟೌಟ್ ಮತ್ತು ಮೀಟರನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಗೋಣಿಯಲ್ಲಿ ಕಟ್ಟಿಡಬೇಕು. ಹಳೆಯ ಯಂತ್ರಗಳನ್ನು ಮೂಲರೂಪದಲ್ಲಿ ಕಾಪಾಡುವವರಿಗೆ ಅವು ಬೇಕಾಗುತ್ತವೆ.

ಹಳೆಯ ಕಾರು ಮತ್ತು ಜೀಪುಗಳಿಗೆ

ಡೈನಮೋ ಇರುವ ಹಳೆಯ ಅಂಬಾಸಡರ್, ಫಿಯೆಟ್ ಮತ್ತು ಜೀಪುಗಳಿಗೂ ಮೇಲಿನ ತತ್ತ್ವಗಳೇ ಅನ್ವಯಿಸುತ್ತವೆ. ಆದರೆ ಅವುಗಳ ಕಟೌಟಿನ ತುದಿಗಳ ಹೆಸರು ಬೇರೆ ಇರಬಹುದು. ಆ ವಾಹನದ ತಂತಿ ನಕ್ಷೆಯನ್ನು ನೋಡದೆ ಮುಟ್ಟಬಾರದು. ಎರಡನೆಯ ಮಹಾಯುದ್ಧ ಕಾಲದ ವಿಲ್ಲೀಸ್ ಜೀಪುಗಳಂತಹ 6 ವೋಲ್ಟ್ ವಾಹನಗಳಲ್ಲಿ ಬಲ್ಬು, ಸೆಲ್ಫ್, ಕಾಯಿಲ್ ಎಲ್ಲವೂ 6 ವೋಲ್ಟಿನವಾದ್ದರಿಂದ ಈ ವಿಧಾನವನ್ನು ನೇರವಾಗಿ ಅನುಸರಿಸಲಾಗದು.

ರೈತರಿಗೆ ಸಲಹೆ

ಕೈಯಲ್ಲಿ ಸೀಮಿತ ಹಣವಿದ್ದರೆ ಖರ್ಚಿನ ಕ್ರಮ ಹೀಗಿರಲಿ: ಮೊದಲು ಪ್ರತಿಫಲಕ ಪಟ್ಟಿ, ಅನಂತರ ಅರ್ಥ್ ತಂತಿ ಮತ್ತು ಟ್ರೇಲರಿನ ಸಾಕೆಟ್, ಬಳಿಕ ಸುಸ್ಥಿತಿಯ ಬ್ಯಾಟರಿ, ಕೊನೆಯಲ್ಲಿ ಆಲ್ಟರ್ನೇಟರ್. ಮೊದಲ ಎರಡು ಕೆಲಸಗಳು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತವೆ ಮತ್ತು ಜೀವರಕ್ಷಣೆಯಲ್ಲಿ ಅವುಗಳ ಪಾಲೇ ದೊಡ್ಡದು. ಆಲ್ಟರ್ನೇಟರಿನ ಕೆಲಸವನ್ನು ಕಬ್ಬಿನ ಹಂಗಾಮಿಗೆ ಮುಂಚೆ, ಬೇಸಿಗೆಯ ಬಿಡುವಿನಲ್ಲಿ ಮಾಡಿಸಿಕೊಂಡರೆ ನಡುವೆ ಗಾಡಿ ನಿಲ್ಲಿಸಬೇಕಾಗುವುದಿಲ್ಲ. ಒಂದೇ ಊರಿನ ನಾಲ್ಕೈದು ಮಾಲೀಕರು ಕೂಡಿ ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿದರೆ ತಂತಿ, ಫ್ಯೂಸ್ ಮುಂತಾದವನ್ನು ಒಟ್ಟಿಗೆ ಕೊಳ್ಳಬಹುದು.

ಕೃಷಿ ಯಂತ್ರೋಪಕರಣಗಳ ಬಳಕೆ ಹಾಗೂ ನಿರ್ವಹಣೆ ಕುರಿತ ಹೆಚ್ಚಿನ ಮಾಹಿತಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.